ಕೆಂಪು ರೋಬೋಟಿನ ಖಾಲಿ ಡಬ್ಬಿ

ಆಟಿಕೆ ಕೊಳ್ಳುವಾಗ ಜನ ಅದರ ಮುಖ ನೋಡುತ್ತಾರೆ. ನಾನು ಪಾದ ನೋಡುತ್ತೇನೆ. ರೋಬೋಟಿನ ಪಾದ ಇಟ್ಟಂಗಿಯ ಹಾಗೆ ಅಗಲವಾಗಿ ದಪ್ಪವಾಗಿದ್ದರೆ, ಮಾಡಿದವನ ಮನಸ್ಸಿನಲ್ಲಿ ಮಕ್ಕಳಿದ್ದರು ಎಂದು ತಿಳಿಯಿರಿ. ಅದು ಸಗಣಿ ಸಾರಿಸಿದ ನೆಲದ ಮೇಲೂ ನಿಲ್ಲಬೇಕು, ಕಟ್ಟೆಯಿಂದ ಬಿದ್ದರೂ ಎದ್ದು ನಡೆಯಬೇಕು. ಪಾದ ಸಣ್ಣದು, ಮೊಣಕಾಲಿಗೆ ಎರಡೆರಡು ಕೀಲು, ತಲೆಯ ಮೇಲೆ ಸೂಜಿಯಂಥ ಕೊಂಬು ಇದ್ದರೆ ಅದು ದೊಡ್ಡವರಿಗೆಂದೇ ಮಾಡಿದ್ದು. ಕಪಾಟಿನೊಳಗೆ ನಿಂತು ನೋಡಿಸಿಕೊಳ್ಳುವುದೇ ಅದರ ಕೆಲಸ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ದಾಂಡೇಲಿಯಲ್ಲಿ ನನ್ನ ಅಂಗಡಿಯ ಎದುರಿಗೇ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಸೋಮಾರಿಯ ಮೇಲಿನ ಹೊಟ್ಟೆಕಿಚ್ಚು ನನಗೆ ಇದನ್ನು ಕಲಿಸಿತು.

ಆ ಸೋಮಾರಿ ಮೊದಲು ನನ್ನ ಪಾಲುದಾರನಾಗಿದ್ದ. ತೊಂಬತ್ತರ ದಶಕದ ಮೊದಲ ವರ್ಷಗಳವು. ಇಬ್ಬರ ಹತ್ತಿರವೂ ಸೇರಿ ಇದ್ದದ್ದು ಎರಡು ಗೋಣಿಚೀಲ, ನೆಲಕ್ಕೆ ಹಾಸಲು ಒಂದು ತಾಡಪತ್ರಿ. ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲಿ ಸಂತೆಯೋ ಅಲ್ಲಿಗೆ ಬಸ್ಸಿನ ಮೇಲೆ ಚೀಲ ಎಸೆದು ಹೋಗುತ್ತಿದ್ದೆವು. ಪೀಪಿ, ಬಲೂನು, ಕೀಲಿ ಕೊಟ್ಟರೆ ಕುಣಿಯುವ ಮಂಗ, ಪ್ಲಾಸ್ಟಿಕ್ ಜೀಪು, ಇವುಗಳ ಜೊತೆಗೆ ಹೆಂಗಸರ ಪಿನ್ನು, ಹಣೆಗೆ ಅಂಟಿಸುವ ಟಿಕಳಿ. ಕೂಗುವವನು ನಾನು, ಚೌಕಾಶಿ ಮಾಡುವವನು ನಾನು, ಹುಬ್ಬಳ್ಳಿಗೆ ಹೋಗಿ ಮಾಲು ಆರಿಸಿ ತರುವವನು ನಾನು. ಅವನು ತಾಡಪತ್ರಿಯ ಮೂಲೆಯಲ್ಲಿ ಕೂತು, ಯಾರೋ ಭಜಿ ಕಟ್ಟಿಸಿಕೊಂಡು ತಂದ ಹಳೆಯ ಪೇಪರನ್ನು ಎಣ್ಣೆಯ ಕಲೆಯ ಸಮೇತ ಓದುತ್ತಿದ್ದ. ಯಾರಾದರೂ ಬೆಲೆ ಕೇಳಿದರೆ ತಲೆ ಎತ್ತದೆ ನನ್ನ ಕಡೆ ಬೆರಳು ಮಾಡುತ್ತಿದ್ದ.

"ಆ ಶಾಣ್ಯಾನ್ನ ಕೇಳ್ರಿ."

ಶಾಣ್ಯಾ ಅಂದರೆ ಜಾಣ. ಅವನ ಬಾಯಲ್ಲಿ ಅದು ಹೊಗಳಿಕೆಯೋ ಕುಚೋದ್ಯವೋ ನನಗೆ ಎಂದೂ ತಿಳಿಯಲಿಲ್ಲ. ನಾನು ಮಾತ್ರ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ನಮ್ಮ ಸಂತೆಗಳಲ್ಲಿ ಆಟಿಕೆ ಮಾರಬೇಕಾದರೆ ಒಂದು ಪದ್ಧತಿ ಇದೆ: ಚಾಲೂ ಮಾಡಿ ತೋರಿಸಬೇಕು. ಡಬ್ಬಿ ಕೊಯ್ದು, ಸೆಲ್ ಹಾಕಿ, ಗಿರಾಕಿಯ ಕಣ್ಣೆದುರಿಗೇ ಓಡಿಸಿ ಕುಣಿಸಿ, ಆಮೇಲೆ ಕೈಗೆ ಕೊಡಬೇಕು. ಚಿಗಳ್ಳಿಯ ರೈತ ದುಡಿಮೆ ಬಿಟ್ಟು ಮುಂಡಗೋಡಿಗೆ ಬಂದಿರುತ್ತಾನೆ. ಕುಂಬಾರವಾಡದ ಹೆಂಗಸು ಎಂದೋ ಒಮ್ಮೆ ಬರುವ ಬಸ್ಸು ಹಿಡಿದು ಜೋಯಿಡಾಕ್ಕೆ ಬಂದಿರುತ್ತಾಳೆ. ಮನೆಗೆ ಹೋಗಿ ನೋಡಿದಾಗ ಆಟಿಕೆ ಕದಲದಿದ್ದರೆ ಬದಲಾಯಿಸಿಕೊಳ್ಳಲು ಮತ್ತೆ ಬರುವುದಾದರೂ ಹೇಗೆ? ಮುಚ್ಚಿದ ಡಬ್ಬಿಯನ್ನು ಹಾಗೇ ಕೈಗೆ ತುರುಕುವವನನ್ನು ನಮ್ಮ ಕಡೆ ಮೋಸಗಾರ ಎಂದೇ ತಿಳಿಯುತ್ತಾರೆ. ಹಾಗಾಗಿ ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಅರ್ಧ ಬ್ಲೇಡು, ನಾಲ್ಕು ಸೆಲ್ ಇರುತ್ತಿದ್ದವು. ಡಬ್ಬಿ ಕೊಯ್ಯುವುದೇ ನನ್ನ ಪ್ರಾಮಾಣಿಕತೆಯ ಗುರುತಾಗಿತ್ತು. ಅವನು ಒಂದು ಡಬ್ಬಿಯನ್ನೂ ತೆರೆಯುತ್ತಿರಲಿಲ್ಲ. "ಯಾರ್ ಆ ಗದ್ದಲಾ ಕೇಳ್ತಾರೋ ಮಾರಾಯಾ," ಅನ್ನುತ್ತಿದ್ದ.

ಹೀಗೆ ನಾಲ್ಕೈದು ವರ್ಷ ಕಳೆದ ಮೇಲೆ ಒಮ್ಮೆ ಗೋವೆಯ ಕಡೆ ಒಬ್ಬ ಸಗಟು ವ್ಯಾಪಾರಿ ಅಂಗಡಿ ಮುಚ್ಚುತ್ತಿದ್ದಾನೆಂದು ಸುದ್ದಿ ಬಂತು. ನಾನೇ ಹೋಗಿ ಅರ್ಧ ದಿನ ಜಗ್ಗಾಡಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬ ವಿದೇಶಿ ರೋಬೋಟುಗಳನ್ನು ತಂದೆ. ಅದರಲ್ಲಿ ಎರಡು ಜಾತಿ. ಒಂದು, ಮೊಳದುದ್ದದ ಪ್ಲಾಸ್ಟಿಕ್ ರೋಬೋಟು. ಸೆಲ್ ಹಾಕಿದರೆ ಧಪ ಧಪ ನಡೆಯುತ್ತಿತ್ತು, ಕಣ್ಣಲ್ಲಿ ಕೆಂಪು ದೀಪ, ಎದೆ ತೆರೆದು ಗುಂಡು ಹಾರಿಸುವ ಸದ್ದು. ಇನ್ನೊಂದು, ಅಂಗೈಯಷ್ಟೇ ದೊಡ್ಡದು, ಆದರೆ ತೂಕ. ಒಳಗೆ ಲೋಹ. ಮಡಚಿದರೆ ಲಾರಿಯಾಗುತ್ತದೆ ಎಂದು ಡಬ್ಬಿಯ ಮೇಲೆ ಚಿತ್ರವಿತ್ತು. ಮಡಚಲು ನಮ್ಮಿಬ್ಬರಿಗೂ ಬರಲಿಲ್ಲ. ಇಂಥವು ಏಳು ಡಬ್ಬಿ ಇದ್ದವು: ನೀಲಿ, ಹಳದಿ, ಬಿಳಿ ಬಣ್ಣದವು ಎರಡೆರಡು, ಕೆಂಪು ಒಂದೇ ಒಂದು. ಡಬ್ಬಿಯ ಮೂಲೆಯಲ್ಲಿ ಹದಿನೈದು ಎಂದು ಅಂಕಿ, ಅದರ ಪಕ್ಕ ಕೂಡಿಸುವ ಗುರುತು. ಒಳಗೆ ಹದಿನೈದಕ್ಕಿಂತ ಹೆಚ್ಚು ಭಾಗಗಳಿವೆ ಎಂದು ನಾನು ಅವನಿಗೆ ವಿವರಿಸಿದೆ. ಅವನು ತಲೆಯಾಡಿಸಿದ. ಅದು ಆಡುವವರ ವಯಸ್ಸು ಎಂದು ಹೇಳುವವರು ಆಗ ಯಾರೂ ಇರಲಿಲ್ಲ.

ಅದೇ ವರ್ಷ ಅವನ ಮಾವ ದಾಂಡೇಲಿಯ ಪೇಟೆ ರಸ್ತೆಯಲ್ಲಿ ಅವನಿಗೊಂದು ಅಂಗಡಿ ಹಾಕಿಕೊಟ್ಟರು. ಎರಡು ತಿಂಗಳು ಓಡಾಡಿ ಎದುರಿನ ಮಳಿಗೆಯನ್ನು ನಾನೂ ಬಾಡಿಗೆಗೆ ಹಿಡಿದೆ. ಯಾವ ಮಾವನೂ ಕೊಡಿಸಿದ್ದಲ್ಲ, ಇದನ್ನು ಹೇಳಲೇಬೇಕು. ಸಾಮಾನು ಪಾಲು ಮಾಡಿಕೊಳ್ಳಲು ಕೂತೆವು.

"ನೀನ ಆರಿಸ್ಕೊ," ಅಂದ ಅವನು. "ನನಗ ಯಾವುದಾದ್ರೂ ನಡೀತೈತಿ."

"ಆಮ್ಯಾಲೆ ಅಳಬ್ಯಾಡ ಮತ್ತ."

"ಅಳಾಕ ನಾ ಏನ್ ಸಣ್ಣ ಹುಡುಗೇನ್ಲೇ? ನಡಿಯೂ ಆಟಿಗಿ ನಿನಗ, ಸುಮ್ಮನ ಕುಂಡ್ರೂ ಆಟಿಗಿ ನನಗ. ನನ್ನ ಹಂಗ ಅವಕ್ಕೂ ಅವಸರಿಲ್ಲ."

ನಡೆಯುವ ರೋಬೋಟುಗಳನ್ನು ಪೂರ್ತಿ ನಾನು ತೆಗೆದುಕೊಂಡೆ. ಸಣ್ಣ ಡಬ್ಬಿಗಳಲ್ಲಿ ಕೆಂಪು ಬಣ್ಣದ್ದು ಕಣ್ಣಿಗೆ ಚೆನ್ನಾಗಿ ಕಂಡಿದ್ದರಿಂದ, ಒಂದೇ ಇರುವುದನ್ನು ಇಟ್ಟುಕೊಂಡು ನೀನೇನು ಮಾಡುತ್ತಿ ಎಂದು ಅದನ್ನೂ ಎಳೆದುಕೊಂಡೆ. ಉಳಿದ ಆರು ಡಬ್ಬಿ ಅವನ ಪಾಲಿಗೆ ಹೋದವು. ಅವತ್ತು ನಾನು ಮನೆಗೆ ಸೀಟಿ ಹೊಡೆಯುತ್ತ ಹೋದದ್ದು ನೆನಪಿದೆ. ನಿಮಗೊಂದು ಕಿವಿಮಾತು: ಪಾಲು ಮಾಡುವಾಗ ಎದುರಿನವನು ಜಗಳವಾಡದಿದ್ದರೆ ಸೀಟಿ ಹೊಡೆಯಬೇಡಿ. ಅವನು ಬಿಟ್ಟುಕೊಟ್ಟದ್ದನ್ನು ಎಣಿಸುವ ಬದಲು ಅವನಿಗೆ ಉಳಿದದ್ದನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ನೋಡಿ.

ನಡೆಯುವ ರೋಬೋಟುಗಳು ಒಂದು ಮಳೆಗಾಲದೊಳಗೆ ಮಾರಿ ಮುಗಿದವು. ಕೆಂಪು ಡಬ್ಬಿಯನ್ನು ಜೋಯಿಡಾ ಸಂತೆಗೆ ಒಯ್ದೆ. ಪದ್ಧತಿಯಂತೆ ಬ್ಲೇಡು ಹಾಕಿ ತೆರೆದು, ಜನರ ಮುಂದೆ ಲಾರಿ ಮಾಡಿ ತೋರಿಸಲು ಹೊರಟೆ. ಅದು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು. ಅತ್ತ ಮನುಷ್ಯನೂ ಅಲ್ಲ, ಇತ್ತ ಲಾರಿಯೂ ಅಲ್ಲ. ಎದೆಯೊಳಗಿಂದ ಒಂದು ಗಾಲಿ, ಬೆನ್ನಿನಿಂದ ಒಂದು ಕೈ. ಜನ ನಕ್ಕು ಮುಂದೆ ಹೋದರು. ಕುಂಬಾರವಾಡದ ಕಡೆಯ ಮುದುಕಿಯೊಬ್ಬಳು ಒಣಗಿಸಿದ ಮುರುಗಲ, ಅಂದರೆ ಪುನರ್ಪುಳಿಯ, ಸಿಪ್ಪೆ ಮಾರಲು ನನ್ನ ಪಕ್ಕದಲ್ಲೇ ಕೂತಿದ್ದಳು. ಕೊಂಕಣಿ ಮನೆಮಾತು, ನಮ್ಮ ಜೊತೆ ಅರ್ಧ ಕನ್ನಡ.

"ಶೇಟ, ಅದು ಮುರದದ ಕಾಣ್ತದ," ಅಂದಳು.

"ಹಳ್ಳಿ ಹುಡುಗಿಗೆ ಇಷ್ಟ ಸಾಕ, ಆಯಿ. ಮೊಮ್ಮಗಳಿಗೆ ಒಯ್ಯಿ."

ಉಳಿದಿದ್ದ ಮುರುಗಲನ್ನೆಲ್ಲ ನನ್ನ ಚೀಲಕ್ಕೆ ಸುರಿಸಿಕೊಂಡು ಆ ಸಿಕ್ಕುಬಿದ್ದ ಗೊಂಬೆಯನ್ನು ಕೊಟ್ಟೆ. ಡಬ್ಬಿ ಕೊಡಲಿಲ್ಲ. ಗಟ್ಟಿ ರಟ್ಟು, ಮುಂದೆ ಪಾರದರ್ಶಕ ಹಾಳೆಯ ಕಿಟಕಿ. ತಲೆಪಿನ್ನು ಇಡಲು ಹೇಳಿ ಮಾಡಿಸಿದ ಹಾಗಿತ್ತು. ಮುಂದೆ ಎಷ್ಟೋ ವರ್ಷ ಅದು ನನ್ನ ಹಣದ ಗಲ್ಲೆಯ ಪಕ್ಕದಲ್ಲೇ ಪಿನ್ನು ತುಂಬಿಕೊಂಡು ಕೂತಿತ್ತು. ಮೊದಲು ರೋಬೋಟಿಗೆಂದು ನಾನು ಬಾಲ್‌ಪೆನ್ನಿನಲ್ಲಿ ಬರೆದಿದ್ದ ಬೆಲೆ ಮೂಲೆಯಲ್ಲಿ ಹಾಗೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಒಂದು ಬೆಳಗ್ಗೆ, ಊರಿನ ಕಾರ್ಖಾನೆಯ ಕಾಲೊನಿಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಇಂಜಿನಿಯರ್ ಸಾಹೇಬರು ನನ್ನ ಅಂಗಡಿಗೆ ಬಂದರು. ಮೈಸೂರು ಕಡೆಯ ಮಾತು, ಇಸ್ತ್ರಿ ಮುರಿಯದ ಅಂಗಿ. ರೋಬೋಟ್ ಇದೆಯೇ ಎಂದು ಕೇಳಿದರು.

"ಬೇಕಾದಷ್ಟ ಅದಾವ್ರಿ ಸಾಹೇಬರ. ಎಷ್ಟ ವರ್ಷದ ಹುಡುಗ್ರಿ?"

"ನಲವತ್ತಾರು," ಎಂದರು ಅವರು, ನಗುತ್ತ. "ನನಗೇ."

ದೊಡ್ಡ ಮನುಷ್ಯರು ತಮಾಷೆ ಮಾಡಿದರೆ ಜೋರಾಗಿ ನಗಬೇಕು. ನಾನು ನಕ್ಕೆ. ಹುಬ್ಬಳ್ಳಿಯಿಂದ ಹಿಂದಿನ ದಿನವಷ್ಟೇ ತಂದಿದ್ದ ಅತಿ ಒಳ್ಳೆಯ ಡಬ್ಬಿಯನ್ನು ಇಳಿಸಿದೆ. ಅವರು ಎರಡೂ ಕೈಯಲ್ಲಿ ಹಿಡಿದು ಅದರ ಅಂಚುಗಳನ್ನು ಮೆಲ್ಲಗೆ ಸವರಿದರು. ಇಷ್ಟವಾಯಿತೆಂದು ನನಗೆ ಗೊತ್ತಾಯಿತು. ಅವರ ಕೈಯಿಂದ ತೆಗೆದುಕೊಂಡು, ಜೇಬಿನ ಬ್ಲೇಡಿನಿಂದ ಒಂದೇ ಎಳೆತಕ್ಕೆ ಸೀಲು ಕೊಯ್ದೆ.

"ಅಯ್ಯೋ! ಯಾಕ್ರೀ ಕತ್ತರಿಸಿದ್ರಿ?"

"ಚಾಲೂ ಐತೋ ಇಲ್ಲೋ ನೋಡಬೇಕಲ್ರಿ. ನಮ್ಮ ಅಂಗಡ್ಯಾಗ ಮೋಸ ಇಲ್ಲ."

"ನಾನು ಚಾಲೂ ಮಾಡೋದೇ ಇಲ್ಲ ಕಣ್ರೀ!"

ಸಂತೆಯ ಮಾತಿನಲ್ಲಿ ಹೇಳುವುದಾದರೆ ನಾನು ಅವರೆದುರಿಗೆ ಹಾಲು ಕೊಡುವ ಎಮ್ಮೆಯನ್ನು ಕಡಿದಿದ್ದೆ. ನನಗದು ತಿಳಿಯಲಿಲ್ಲ. ಸೆಲ್ ಹಾಕಿ ಗಲ್ಲೆಯ ಮೇಲೆ ಬಿಟ್ಟೆ. ರೋಬೋಟು ಧಪ ಧಪ ಎಂದು ಅವರ ಕಡೆಗೇ ನಡೆದುಕೊಂಡು ಹೋಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು, ಇನ್ನೊಮ್ಮೆ ಬರುತ್ತೇನೆಂದು ಹೇಳಿ, ರಸ್ತೆ ದಾಟಿದರು.

ಎದುರಿನ ಅಂಗಡಿಯಲ್ಲಿ ಅವನು ಎಂದಿನಂತೆ ಪೇಪರ್ ಓದುತ್ತಿದ್ದ. ಸಾಹೇಬರು ಮೇಲೆ ನೋಡಿದರು. ಅಟ್ಟದ ಮೇಲೆ, ಜೇಡರ ಬಲೆಯ ಹಿಂದೆ, ಪಾಲಿಗೆ ಬಂದ ದಿನ ಇಟ್ಟಲ್ಲೇ ಇದ್ದ ಆರು ಡಬ್ಬಿಗಳು. ಒಂದನ್ನೂ ಅವನು ತೆರೆದಿರಲಿಲ್ಲ, ಒರೆಸಿರಲಿಲ್ಲ, ಬೆಲೆಯನ್ನೂ ಬರೆದಿರಲಿಲ್ಲ. ಸಾಹೇಬರು ತಾವೇ ಸ್ಟೂಲು ಹತ್ತಿ ಇಳಿಸಿಕೊಂಡರು. ಕರವಸ್ತ್ರದಿಂದ ಧೂಳು ಒರೆಸಿದರು. ಬಣ್ಣಕ್ಕೊಂದರಂತೆ ಮೂರು ಆರಿಸಿದರು. ಅವನು ಬೆಲೆ ಹೇಳಲಿಲ್ಲವಂತೆ, "ನೀವ ಹೇಳ್ರಿ" ಅಂದನಂತೆ. ಅವರು ಹೇಳಿದ ಬೆಲೆ, ನಾನು ಬಾಯಿಬಿಟ್ಟು ಕೇಳಲು ನಾಚಿಕೊಳ್ಳುತ್ತಿದ್ದಷ್ಟು. ಸಂಜೆ ಚಹಾದಂಗಡಿಯಲ್ಲಿ ಅವನ ಬಾಯಿಂದಲೇ ಇದನ್ನು ಕೇಳಿದೆ.

"ಆಟಿಗಿ ಅಂದ್ರ ಹುಡುಗರದು," ಅಂದೆ. "ದೊಡ್ಡವರಿಗಂತ ಯಾರರ ಆಟಿಗಿ ಮಾಡ್ತಾರೇನ್ಲೇ? ಆ ಸಾಹೇಬಗ ತಲಿ ಕೆಟ್ಟೈತಿ."

"ಕೆಟ್ಟಿದ್ರ ಕೆಟ್ಟಿರ್ಲಿ ಬಿಡು. ಅವರು ಹೇಳಿದ್ರಪಾ, ಮಾಡುವಾಗನ ಎರಡು ಥರಾ ವಿಚಾರ ಮಾಡ್ತಾರಂತ. ಹುಡುಗರದಕ್ಕ ಚೂಪು ಮೂಲಿ ಇರಂಗಿಲ್ಲ, ಗಟ್ಟಿ ಇರ್ತಾವ. ದೊಡ್ಡವರದಕ್ಕ ಕೀಲ ಹೆಚ್ಚ, ಬಣ್ಣ ನಾಜೂಕ. ಸಣ್ಣವರಿದ್ದಾಗ ಸಿಗಲಿಲ್ಲಂತ ದೊಡ್ಡವರಾದ ಮ್ಯಾಲೆ ಕೊಳ್ಳಾವ್ರು ಅದಾರಂತ."

"ಮುಟ್ಟದ ಇಡೂ ಸಾಮಾನಿಗೆ ಕೀಲ ಯಾಕಂತ?"

"ಅದನ್ನ ನಾ ಕೇಳಲಿಲ್ಲ. ನೀ ಕೇಳು, ಶಾಣ್ಯಾ ಅದೀ."

ಸಣ್ಣವರಿದ್ದಾಗ ಸಿಗದಿದ್ದದ್ದು! ನನಗೆ ಸಿಕ್ಕಿತ್ತೇ? ಅಪ್ಪ ಟಿಂಬರ್ ಡಿಪೋದಲ್ಲಿ ನಾಟಾ ಹೊರುತ್ತಿದ್ದ. ನಾನು ಆಡಿದ್ದು ಸಾಗುವಾನಿಯ ಸಿಪ್ಪೆಯ ಜೊತೆಗೆ. ಆದರೂ ದೊಡ್ಡವನಾದ ಮೇಲೆ ನಾನು ಆಟಿಕೆ ಕೊಂಡದ್ದು ಮಾರುವುದಕ್ಕೆ. ಇಡುವುದಕ್ಕಲ್ಲ.

ಅಲ್ಲಿಂದ ಮುಂದೆ ನನಗೆ ಎದುರಿನ ಅಂಗಡಿ ಬಿಟ್ಟು ಬೇರೆ ಕಾಣದಾಯಿತು. ಸಾಹೇಬರ ಸ್ಕೂಟರ್ ಅಲ್ಲಿ ನಿಂತರೆ ನನ್ನ ಗಿರಾಕಿಗೆ ಚಿಲ್ಲರೆ ತಪ್ಪಾಗುತ್ತಿತ್ತು. ಅವರು ನಗುವ ಸದ್ದು ಕೇಳಿದರೆ ನನ್ನನ್ನೇ ನೋಡಿ ನಗುತ್ತಿದ್ದಾರೆ ಅನ್ನಿಸುತ್ತಿತ್ತು. ಹನ್ನೆರಡು ವರ್ಷ ಗಂಟಲು ಹರಿದುಕೊಂಡವನು ನಾನು. ಕೂತಲ್ಲೇ ಕೂತವನ ಕಡೆಗೆ ರಸ್ತೆ ದಾಟಿ ಅದೃಷ್ಟ ಹೋಗುತ್ತದೆಂದರೆ ಯಾರಿಗೆ ಹೇಳಿಕೊಳ್ಳುವುದು? ಆಗ ಇನ್ನೊಂದು ಸುದ್ದಿ ಬಂತು. ಕಾಲೊನಿಯ ಮಕ್ಕಳ ಕಾರ್ಯಕ್ರಮಕ್ಕೆ ವರ್ಷಕ್ಕೊಮ್ಮೆ ಅಷ್ಟೂ ಮಕ್ಕಳಿಗೆ ಆಟಿಕೆ ಹಂಚುತ್ತಿದ್ದರು. ಇಷ್ಟು ವರ್ಷ ಆ ಆರ್ಡರು ಬೆಳಗಾವಿಗೆ ಹೋಗುತ್ತಿತ್ತು. ಈ ಸಲ ಊರಿನಲ್ಲೇ ಕೊಳ್ಳುವುದೆಂದೂ, ಆ ಜವಾಬ್ದಾರಿ ಇದೇ ಇಂಜಿನಿಯರ್ ಸಾಹೇಬರದೆಂದೂ ಗೊತ್ತಾಯಿತು. ಮಕ್ಕಳಿಗೆ ಏನು ಬೇಕು ಎಂಬುದು ಈ ನಾಲ್ಕು ತಾಲೂಕಿನಲ್ಲಿ ನನ್ನಷ್ಟು ಗೊತ್ತಿದ್ದವರು ಯಾರು? ಆ ಆರ್ಡರು ನನ್ನದೇ ಆಗಬೇಕಿತ್ತು. ಸಿಕ್ಕರೆ ನಾನು ಸಂತೆಯ ಆಟಿಕೆಯವನಲ್ಲ, ಪೇಟೆಯ ವ್ಯಾಪಾರಿ.

ಒಂದು ದಿನ ಸಾಹೇಬರು ತಾವಾಗಿಯೇ ನನ್ನ ಅಂಗಡಿಗೆ ಬಂದರು.

"ಆ ಸೆಟ್ಟಿನಲ್ಲಿ ನಾಲ್ಕು ಬಣ್ಣ. ಕೆಂಪು ಒಂದು ನಿಮ್ಮ ಪಾಲಿಗೆ ಬಂತಂತೆ, ಎದುರಿನವರು ಹೇಳಿದ್ರು. ಇದೆಯಾ?"

ಜೋಯಿಡಾ ಸಂತೆ, ಮುದುಕಿ, ಮುರುಗಲು ಎಲ್ಲ ಕಣ್ಣ ಮುಂದೆ ಬಂದವು. ಬಾಯಿ ಮಾತ್ರ ಬೇರೆ ಹೇಳಿತು.

"ಐತ್ರಿ ಸಾಹೇಬರ. ಜ್ವಾಕಿ ಮಾಡಿ ಇಟ್ಟೇನಿ. ನಾಡಿದ್ದ ತಂದ ಕೊಡ್ತೇನಿ."

"ಡಬ್ಬಿ ಸಮೇತ?"

"ಡಬ್ಬಿ ಸಮೇತ." ಅವರ ಮೊಣಕೈಯ ಪಕ್ಕದಲ್ಲೇ ಆ ಡಬ್ಬಿ ಪಿನ್ನು ತುಂಬಿಕೊಂಡು ಕೂತಿತ್ತು. ಮೇಲೆ ಟಿಕಳಿಯ ಹಾಳೆಗಳು ಬಿದ್ದಿದ್ದರಿಂದ ಅವರಿಗೆ ಕಾಣಲಿಲ್ಲ. "ಮತ್ತ ಆ ಮಕ್ಕಳ ಕಾರ್ಯಕ್ರಮದ್ದು..."

"ಮೊದಲು ಕೆಂಪು ತೋರಿಸಿ, ಆಮೇಲೆ ಕೂತು ಮಾತಾಡೋಣ," ಎಂದು ನಕ್ಕು ಹೋದರು.

ಮರುದಿನ ಬೆಳಗ್ಗೆ ಕುಂಬಾರವಾಡದ ಬಸ್ಸು ಹತ್ತಿದೆ. ಹೆಂಡತಿಗೆ ಹೇಳಿದ್ದು ಇಷ್ಟೇ: ಅಂಗಡಿ ನೋಡಿಕೋ, ವಸೂಲಿಗೆ ಹೋಗುತ್ತೇನೆ. ವ್ಯಾಪಾರದ ಗುಟ್ಟನ್ನು ಮನೆಯಲ್ಲಿ ಹೇಳಬಾರದೆಂಬುದು ಆಗಿನ ನನ್ನ ಜಾಣತನ. ಹೊಸ ನಡೆಯುವ ರೋಬೋಟು ಒಂದು, ಗೋಡೆಗಡಿಯಾರ ಒಂದು, ಸೀರೆ ಒಂದು, ಚೀಲದಲ್ಲಿ ಇಟ್ಟುಕೊಂಡಿದ್ದೆ. ಯಾವುದಕ್ಕೆ ಒಪ್ಪುತ್ತಾರೋ ಅದು.

ಮುದುಕಿಯ ಮನೆ ಸಿಕ್ಕಿತು. ನನ್ನನ್ನು ಗುರುತಿಸಿದಳು. ಮುರುಗಲ ಪಾನಕ ಕೊಟ್ಟಳು. ಮೊಮ್ಮಗಳು ಹದಿನಾಲ್ಕರ ಹುಡುಗಿಯಾಗಿದ್ದಳು. ಗದ್ದೆಯಿಂದ ಬಂದು ಕೈ ತೊಳೆದುಕೊಂಡು, ಕೇಳಿದ ಕೂಡಲೇ ಒಳಗಿನಿಂದ ಅದನ್ನು ತಂದಳು. ಕೆಂಪು ಬಣ್ಣ ಮೂಲೆಗಳಲ್ಲಿ ಸವೆದು ಬಿಳಿಯ ಲೋಹ ಕಾಣುತ್ತಿತ್ತು. ಒಂದು ಗಾಲಿಯ ಬದಲು ಅಂಗಿಯ ಗುಂಡಿ. ಇನ್ನು ಸಾಹೇಬರಿಗೆ ಇದನ್ನು ತೋರಿಸುವುದು ಹೇಗೆ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಅವಳು, ನನ್ನ ಮುಖ ನೋಡುತ್ತಲೇ, ಕೈಯನ್ನು ನೋಡದೆಯೇ, ಅದನ್ನು ಮಡಚಿದಳು. ಟಕ್, ಟಕ್, ತಲೆ ಒಳಗೆ ಹೋಯಿತು, ಕಾಲು ಬೆನ್ನಿಗೆ ಸೇರಿತು, ಎದೆ ತಿರುಗಿ ಲಾರಿಯ ಮೂತಿಯಾಯಿತು. ಮತ್ತೆ ಟಕ್ ಟಕ್, ಮನುಷ್ಯ ಎದ್ದು ನಿಂತ. ಅಂಗೈಯಲ್ಲಿ ಎಲೆ ಅಡಿಕೆ ಮಡಚಿದಷ್ಟೇ ಸಲೀಸು.

ಜೋಯಿಡಾ ಸಂತೆಯ ಜನರ ಮುಂದೆ ನನ್ನಿಂದ ಆಗದಿದ್ದದ್ದು ಅದು. ಕಪಾಟಿನೊಳಗೆ ಮೂರು ಇಟ್ಟುಕೊಂಡ ಸಾಹೇಬರಿಗೂ ಎಂದೂ ಆಗದಿದ್ದದ್ದು. ಎದುರಿನವನ ಮೇಲಿದ್ದ ಹೊಟ್ಟೆಕಿಚ್ಚು ಒಂದು ಗಳಿಗೆ ಆ ಹುಡುಗಿಯ ಬೆರಳಿನ ಕಡೆ ತಿರುಗಿತು. ಡಬ್ಬಿಯ ಮೇಲೆ ಹದಿನೈದು ಎಂದು ಬರೆದವನಿಗೆ ಇವಳು ಆರೇ ವರ್ಷಕ್ಕೆ ಕಲಿತಾಳೆಂಬುದು ಗೊತ್ತಿರಲಿಲ್ಲ, ಅಷ್ಟೇ.

"ಇದನ್ನ ಕೊಡವಾ, ಬದಲಿಗೆ ಇದು ತಗೋ," ಎಂದು ಹೊಸ ರೋಬೋಟನ್ನು ಅಂಗಳದಲ್ಲಿ ನಡೆಸಿ ತೋರಿಸಿದೆ.

ಅವಳು ಸ್ವಲ್ಪ ಹೊತ್ತು ನೋಡಿದಳು. "ಅದು ಬರೇ ನಡೀತದ. ಇದು ಬ್ಯಾರೆ ಆಗ್ತದ."

ಗಡಿಯಾರ ತೆಗೆದೆ. ಸೀರೆ ತೆಗೆದೆ. ಕೊನೆಗೆ ದುಡ್ಡಿನ ಮಾತಾಡಿದೆ. ಆಗ ಮುದುಕಿ ಬಾಯಿ ತೆರೆದಳು.

"ಶೇಟ, ಅವತ್ತ ನಾ ಏನ್ ಅಂದೆ? ಮುರದದ ಅಂದೆ. ನೀ ಏನ್ ಅಂದಿ?"

ನಾನು ಸೀರೆಯನ್ನು ಮಡಚಿ ಚೀಲಕ್ಕೆ ಹಾಕತೊಡಗಿದೆ.

"ಹಳ್ಳಿ ಹುಡುಗಿಗೆ ಇಷ್ಟ ಸಾಕ ಅಂದಿ. ಈಗ ಪ್ಯಾಟಿ ಶೇಟಗ ಇಷ್ಟ ಯಾಕ ಸಾಲಂಗಿಲ್ಲ?"

ಹುಡುಗಿ ಸೆರಗಿಲ್ಲದ್ದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ, ಬೇರೇನು ಮಾಡಲು ಇತ್ತು? ಚೌಕಾಶಿಯಲ್ಲಿ ಸೋತಾಗ ಬೇಗ ಎದ್ದುಬಿಡಬೇಕು. ಇದು ನನ್ನದೇ ಸಲಹೆ. ಆದರೆ ಎದ್ದು ಎಲ್ಲಿಗೆ ಹೋಗುವುದು? ಮಧ್ಯಾಹ್ನದ ಬಸ್ಸು ಬರಲಿಲ್ಲ. ಅವರ ಮನೆಯಲ್ಲೇ ಗಂಜಿ ಉಂಡು, ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಗಡಿಯಾರವನ್ನು ಅವರ ಗೋಡೆಗೆ ನೇತುಹಾಕಿ ಬಂದೆ. ಉಂಡ ಋಣಕ್ಕೆ ಎಂದು ಹೇಳಿದೆ. ನಿಜ ಹೇಳಬೇಕೆಂದರೆ, ಏನನ್ನಾದರೂ ಕೊಡದೆ ಬಂದಿದ್ದರೆ ನನ್ನ ಸೋಲು ಪೂರ್ತಿಯಾಗುತ್ತಿತ್ತು.

ದಾರಿಯಲ್ಲೇ ಹೊಸ ಉಪಾಯ ಹೊಳೆಯಿತು. ರೋಬೋಟು ಇಲ್ಲದಿದ್ದರೇನು, ಡಬ್ಬಿ ಇದೆ. ಧೂಳು ಕಂಡರೂ ಕಣ್ಣು ಅರಳಿಸುವ ಮನುಷ್ಯನಿಗೆ ಖಾಲಿ ಡಬ್ಬಿಯೂ ಬೇಕಾಗಬಹುದು. ಅದನ್ನು ಕೈಗಿಟ್ಟು ನಿಜ ಹೇಳಿಬಿಡುವುದು, ಆಮೇಲೆ ಆರ್ಡರಿನ ಮಾತು. ಬಸ್ಸು ಇಳಿದವನೇ ಓಡಿದೆ. ಗಲ್ಲೆಯ ಪಕ್ಕದಲ್ಲಿ ಪಿನ್ನುಗಳು ಒಂದು ಸ್ಟೀಲ್ ಬಟ್ಟಲಿನಲ್ಲಿದ್ದವು.

"ಡಬ್ಬಿ ಎಲ್ಲೈತಿ?"

"ಯಾವ ಡಬ್ಬಿ? ಪಿನ್ನಿಂದ?" ಹೆಂಡತಿ ಹೂ ಕಟ್ಟುತ್ತಿದ್ದಳು. "ನಿನ್ನೆ ಎದುರಿನವ್ರು ಬಂದಿದ್ರು. ಸಾಹೇಬರಿಗೆ ಖಾಲಿ ಡಬ್ಬಿ ಇದ್ರೂ ನಡೀತೈತಂತ, ಕೊಡ್ತೀರೇನ್ ವೈನಿ ಅಂತ ಕೇಳಿದ್ರು. ಪಿನ್ನಿನ ಡಬ್ಬಿ ಆಚೆ ಕಡಿಂದ ದಿನಾ ನೋಡ್ತಿದ್ರಂತ. ಪಿನ್ನು ಬಟ್ಟಲಕ್ಕ ಸುರದು ಕೊಟ್ಟೆ."

"ಎಷ್ಟಕ್ಕ?"

"ಎಷ್ಟಕ್ಕ ಅಂದ್ರ? ಖಾಲಿ ಡಬ್ಬಿಗೆ ರೊಕ್ಕಾ ತಗೋತಾರೇನ್ರಿ? ಮಿರ್ಚಿ ಭಜಿ ಕಟ್ಟಿಸ್ಕೊಂಡ ಬಂದಿದ್ರು ಪಾಪ, ಬಿಸೀವ ಇದ್ವು. ನಿಮಗೂ ಎರಡ ಇಟ್ಟಿದ್ದೆ, ನೀವ ಬರಲಿಲ್ಲ."

"ನನ್ನ ಕೇಳಬಾರದಿತ್ತೇನ?"

"ನೀವ ಎಲ್ಲಿ ಹೋಗೀರಂತ ನನಗ ಹೇಳೀರೇನು, ಕೇಳಾಕ?"

ಪಿನ್ನಿನ ಬಟ್ಟಲನ್ನು ಆಚೆ ಸರಿಸಿ ಗಲ್ಲೆಯ ಹಿಂದೆ ಕೂತೆ.

ಆರ್ಡರು ಅವನಿಗೇ ಆಯಿತು. ಸಾಹೇಬರು ಅದಕ್ಕಾಗಿಯೇ ಕೊಟ್ಟರೆಂದು ನಾನು ಹೇಳಲಾರೆ. ರೋಬೋಟಿಲ್ಲ, ಡಬ್ಬಿಯಷ್ಟೇ ಎಂದು ಹೇಳಿಯೇ ಕೊಟ್ಟಿದ್ದರಿಂದ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನುಷ್ಯ ಎಂದು ಅವರಿಗೆ ಅವನ ಮೇಲೆ ನಂಬಿಕೆ ಬಂದಿತ್ತು. ನಾಡಿದ್ದು ತರುತ್ತೇನೆಂದ ನಾನು ಏನನ್ನೂ ತಂದಿರಲಿಲ್ಲ. ಎರಡು ದಿನ ಕಳೆದು ಅವನು ರಸ್ತೆ ದಾಟಿ ನನ್ನ ಅಂಗಡಿಗೆ ಬಂದ. ಅಷ್ಟು ವರ್ಷದಲ್ಲಿ ಅವನಾಗಿಯೇ ಎದ್ದು ಬಂದದ್ದು ಅದು ಎರಡನೆಯ ಸಲ. ಮೊದಲನೆಯದು ಡಬ್ಬಿಗೆ.

"ಲೇ ಶಾಣ್ಯಾ, ಹುಡುಗರಿಗೆ ಏನ್ ಬೇಕಂತ ನನಗೇನ್ ತಿಳೀತೈತಿ? ಇಬ್ಬರೂ ಕೂಡಿ ಮಾಡೂಣು. ಅರ್ಧಾ ನಿಂದು."

ಅರ್ಧ. ಕೇಳಿದ ಕೂಡಲೇ ಹೂಂ ಅನ್ನಬೇಕಿತ್ತು. ಲೆಕ್ಕ ಗೊತ್ತಿದ್ದ ಯಾವ ವ್ಯಾಪಾರಿಯೂ ಅನ್ನುತ್ತಿದ್ದ. ಆದರೆ ಅವನು ಅದನ್ನು ಅಷ್ಟು ಸುಲಭವಾಗಿ, ಬೀಡಿ ಕೊಡುವ ಹಾಗೆ ಚಾಚಿದ್ದು ನನಗೆ ಉರಿಯಿತು. ಜಗ್ಗಾಡದೆ ಸಿಕ್ಕಿದ್ದನ್ನು ಜಗ್ಗಾಡದೆ ಬಿಟ್ಟುಕೊಡುತ್ತಾನೆ. ಈ ಮನುಷ್ಯನಿಗೆ ಯಾವುದರ ಬೆಲೆಯೂ ಗೊತ್ತಿಲ್ಲ, ಆದರೂ ಎಲ್ಲ ಅವನಿಗೇ.

"ನನಗ ನಂದ ಕೆಲಸ ಬಾಳ ಐತಿ," ಅಂದೆ. "ಬ್ಯಾಡ."

"ಹಂಗಾರ ಏನ್ ತರ್ಲಿ ಅಂತರ ಹೇಳು."

ತಪ್ಪು ಸಲಹೆ ಕೊಡಬೇಕೆಂದು ನಿಶ್ಚಯ ಮಾಡಿಕೊಂಡಿದ್ದೆ. ವಾಯರಿನ ರಿಮೋಟ್ ಕಾರು ತರಿಸು ಎಂದು ಹೇಳುವವನಿದ್ದೆ. ಮೂರು ದಿನಕ್ಕೆ ವಾಯರು ಕಿತ್ತುಬರುತ್ತದೆ, ಅಷ್ಟೂ ಮಕ್ಕಳು ಅಳುತ್ತಾರೆ, ಅವನ ಹೆಸರು ಹೋಗುತ್ತದೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಟಿಕೆಯ ವಿಷಯ ಯಾರಾದರೂ ಕೇಳಿದರೆ ನನಗೆ ತಡೆಯುವುದಕ್ಕಾಗುವುದಿಲ್ಲ. ಸಣ್ಣವರಿಗೆ ಅಗಲ ಪಾದದ್ದು ತಾ ಅಂದೆ. ಸೆಲ್ ಬೇಡ, ಕೀಲಿಯದು ತಾ. ದೊಡ್ಡ ಹುಡುಗರಿಗೆ ಬಿಚ್ಚಿ ಜೋಡಿಸುವಂಥದ್ದು. ಹುಡುಗಿಯರಿಗೂ ಅದನ್ನೇ ಕೊಡು, ಬರೀ ಬೊಂಬೆ ಕೊಟ್ಟು ಕೂಡಿಸಬೇಡ. ಹುಬ್ಬಳ್ಳಿಯ ಯಾವ ಓಣಿ, ಯಾವ ಮಳಿಗೆ, ಎಷ್ಟು ಹೇಳುತ್ತಾರೆ, ಎಷ್ಟಕ್ಕೆ ಇಳಿಯುತ್ತಾರೆ, ಯಾವಾಗ ಎದ್ದು ಹೊರಟಂತೆ ಮಾಡಬೇಕು, ಎಲ್ಲ ಹೇಳಿದೆ. ಅವನು ಪೇಪರಿನ ಅಂಚಿನಲ್ಲಿ ಬರೆದುಕೊಂಡ.

ಕಾರ್ಯಕ್ರಮದ ದಿನ ಕಾಲೊ‍ನಿಯ ಮೈದಾನದಲ್ಲಿ ನಾನೂ ಇದ್ದೆ, ಯಾರೂ ಕರೆಯದೆ. ಅವನು ಮುಚ್ಚಿದ ಡಬ್ಬಿಗಳನ್ನೇ ಹಂಚಲು ಹೊರಟಿದ್ದ! ಕೈಯಿಂದ ಕಸಿದುಕೊಂಡು, ಒಂದೊಂದನ್ನೂ ಕೊಯ್ದು, ಕೀಲಿ ಕೊಟ್ಟು, ನಡೆಸಿ, ಮಕ್ಕಳ ಕೈಗೆ ಇಟ್ಟೆ. ಸಂಜೆಯ ಹೊತ್ತಿಗೆ ಹೆಬ್ಬೆರಳು ಬೊಬ್ಬೆ ಎದ್ದಿತ್ತು. ಲಾಭ ಅವನದು.

ಆಮೇಲೆ ಸಾಹೇಬರು ಇಬ್ಬರನ್ನೂ ಮನೆಗೆ ಚಹಾಕ್ಕೆ ಕರೆದರು. ಗಾಜಿನ ಕಪಾಟಿನಲ್ಲಿ ನೀಲಿ, ಹಳದಿ, ಬಿಳಿ ಡಬ್ಬಿಗಳು, ಪಕ್ಕದಲ್ಲಿ ಕೆಂಪು ರೋಬೋಟಿನ ಖಾಲಿ ಡಬ್ಬಿ. ಕಿಟಕಿಯ ಹಿಂದೆ ಏನೂ ಇರಲಿಲ್ಲ. ಮೂಲೆಯಲ್ಲಿ ಬಾಲ್‌ಪೆನ್ನಿನ ಅಂಕಿ.

"ನೋಡಿ, ಬೆಲೆ ಕೂಡ ಹಾಗೇ ಇದೆ," ಎಂದು ಸಾಹೇಬರು ಅವನ ಭುಜ ತಟ್ಟಿದರು. "ಪಾಲಾಗೋ ಮೊದಲು ನೀವು ಬರೆದದ್ದಲ್ವಾ? ಕೈಬರಹ ಚೆನ್ನಾಗಿದೆ."

ಅವನು ನನ್ನ ಕಡೆ ಬೆರಳು ಮಾಡಿದ. "ನಂದಲ್ರಿ. ಆ ಶಾಣ್ಯಾಂದು."

ಸಾಹೇಬರು ತಿರುಗಿ ನನ್ನನ್ನು ನೋಡಿದರು. ರೋಬೋಟು ಎಲ್ಲಿದೆ ಎಂದು ಈಗ ಕೇಳುತ್ತಾರೆ ಅನ್ನಿಸಿತು. ಕುಂಬಾರವಾಡದ ಆ ಹುಡುಗಿಯ ಮನೆಯ ದಾರಿಯನ್ನು ಮಾತ್ರ ನಾನು ಯಾರಿಗೂ ಹೇಳುವವನಿರಲಿಲ್ಲ, ಅದೊಂದಾದರೂ ಇವರಿಬ್ಬರಿಗೂ ಸಿಗದೆ ಇರಲಿ. ಅವರು ಬಾಯಿ ತೆರೆಯುವ ಮೊದಲೇ ನಾನು ಮಾತು ತೆಗೆದೆ.

"ಸಾಹೇಬರ, ಆ ಡಬ್ಬಿ ಒಳಗ ಎರಡ ಡಾಂಬರ ಗುಳಿಗಿ ಇಡ್ರಿ. ಇಲ್ಲಂದ್ರ ಮಳಿಗಾಲದಾಗ ಜಿರಳಿ ರಟ್ಟ ತಿಂತಾವ."